ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಕೆಟ್ಟರೆ: ತೊಳೆಯಬೇಕಾ, ರಿಪೇರಿ ಮಾಡಬೇಕಾ, ಹೊಸದು ತರಬೇಕಾ?

"ಫ್ಯಾನ್ ಕೆಟ್ಟಿದೆ" ಅಂದರೆ ಏನೂ ಗೊತ್ತಾಗುವುದಿಲ್ಲ. ಹೇಗೆ ಕೆಟ್ಟಿದೆ ಅನ್ನುವುದು ಮುಖ್ಯ. ಸ್ವಿಚ್ ಹಾಕಿದರೂ ಸದ್ದೇ ಇಲ್ಲವಾ? ಗುಂಯ್ ಅನ್ನುತ್ತದೆ, ರೆಕ್ಕೆ ಮಾತ್ರ ಅಲುಗಾಡುವುದಿಲ್ಲವಾ? ತಿರುಗುತ್ತದೆ, ಆದರೆ ಪಕ್ಕದ ಮನೆಗೂ ಕೇಳುವ ಹಾಗೆ ಕಿರುಚುತ್ತದಾ? ಅಥವಾ ಚೆನ್ನಾಗೇ ತಿರುಗುತ್ತಿದೆ, ಕನ್ನಡಿಯ ಮೇಲಿನ ಹಬೆ ಮಾತ್ರ ಹೋಗುತ್ತಿಲ್ಲವಾ? ಈ ಒಂದೊಂದಕ್ಕೂ ಕಾರಣ ಬೇರೆ, ಖರ್ಚು ಬೇರೆ.

ನಿಮ್ಮ ಮುಂದಿರುವ ದಾರಿಗಳು ನಾಲ್ಕು. ಬಿಚ್ಚಿ ತೊಳೆಯುವುದು. ಎಣ್ಣೆ, ಬೇರಿಂಗ್, ಕೆಪಾಸಿಟರ್ (ಮೋಟರ್ ತಿರುಗತೊಡಗಲು ನೆರವಾಗುವ ಚಿಕ್ಕ ಭಾಗ) ಇಂಥ ಸಣ್ಣ ರಿಪೇರಿ. ಮೋಟರ್ ಒಂದನ್ನೇ ಬದಲಿಸುವುದು. ಇಡೀ ಫ್ಯಾನ್ ಬದಲಿಸುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸುಟ್ಟ ವಾಸನೆ ಬರದಿದ್ದರೆ ಮೊದಲ ಎರಡನ್ನು ಮುಗಿಸದೆ ನಾಲ್ಕನೆಯದಕ್ಕೆ ಹೋಗಬೇಡಿ. ಮೂರನೆಯದು ಅಪರೂಪಕ್ಕೆ ಮಾತ್ರ ಲಾಭ. ಗಾಳಿ ಹೊರಗೆ ಹೋಗುವ ದಾರಿಯೇ ಕಟ್ಟಿಕೊಂಡಿದ್ದರೆ ಈ ನಾಲ್ಕರಲ್ಲಿ ಯಾವುದು ಮಾಡಿದರೂ ದುಡ್ಡು ದಂಡ.

ಏಣಿ ಹತ್ತುವ ಮುಂಚೆ

ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಬೋರ್ಡಿನಲ್ಲಿ ಆ ಸಾಲಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಟೈಮರ್ ಇರುವ ಫ್ಯಾನುಗಳಿಗೆ ಎರಡು ಫೇಸ್ ತಂತಿ ಬಂದಿರುತ್ತದೆ. ಒಂದು ಸ್ವಿಚ್ಚಿನ ಮೂಲಕ, ಇನ್ನೊಂದು ನೇರವಾಗಿ. ದೀಪ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಓಡುವುದು ಆ ನೇರ ತಂತಿಯಿಂದಲೇ. ಅಂದರೆ ಸ್ವಿಚ್ ಆಫ್ ಇದ್ದಾಗಲೂ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಎಂಸಿಬಿ ಇಳಿಸಿದ ಮೇಲೆ ಟೆಸ್ಟರ್ ಇಟ್ಟು ನೋಡಿ. ಆ ಟೆಸ್ಟರನ್ನೂ ಮೊದಲು ಕರೆಂಟ್ ಇರುವ ಬೇರೆ ಪಾಯಿಂಟಿನಲ್ಲಿ ಪರೀಕ್ಷಿಸಿಕೊಳ್ಳಿ. ಹಾಳಾದ ಟೆಸ್ಟರ್ ಎಲ್ಲ ಕಡೆ "ಕರೆಂಟ್ ಇಲ್ಲ" ಅಂತಲೇ ಹೇಳುತ್ತದೆ.

ಸ್ನಾನ ಆದ ಕೂಡಲೇ ಈ ಕೆಲಸಕ್ಕೆ ಇಳಿಯಬೇಡಿ. ನೆಲ ಒಣಗಿರಲಿ, ಕೈ ಒಣಗಿರಲಿ. ತಂತಿ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕೊನೆಗೆ ಜೋಡಿಸುವಾಗ ಅದೇ ಕಾಪಾಡುವುದು.

ಸದ್ದೇ ಇಲ್ಲ ಅಂದರೆ

ಫ್ಯಾನ್ ಪೂರ್ತಿ ಸತ್ತಂತಿದ್ದರೆ ಮೊದಲು ಫ್ಯಾನನ್ನು ಬಿಟ್ಟು ಬೇರೆಲ್ಲ ನೋಡಿ. ಎಂಸಿಬಿ ಟ್ರಿಪ್ ಆಗಿದೆಯಾ? ಅದೇ ಸಾಲಿನ ದೀಪ ಉರಿಯುತ್ತಿದೆಯಾ? ಸ್ವಿಚ್ ಒತ್ತಿದಾಗ ಟಕ್ ಅನ್ನುತ್ತದಾ, ಇಲ್ಲಾ ಮೆತ್ತಗೆ ಒಳಗೆ ಹೋಗುತ್ತದಾ? ಬಾತ್‌ರೂಮಿನ ತೇವಕ್ಕೆ ಸ್ವಿಚ್ಚಿನ ಕಾಂಟ್ಯಾಕ್ಟುಗಳು ಕಪ್ಪಾಗುತ್ತವೆ, ಕನೆಕ್ಟರಿನ ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತದೆ. ಅಲ್ಲೇ ಸಿಕ್ಕರೆ ಬಹಳ ಅಗ್ಗದಲ್ಲಿ ಮುಗಿಯಿತು.

ಫ್ಯಾನಿನವರೆಗೆ ಕರೆಂಟ್ ಬರುತ್ತಿದೆ, ಆದರೂ ಉಸಿರಿಲ್ಲ ಅಂದರೆ ಮಲ್ಟಿಮೀಟರ್ ಬೇಕು. ಎಂಸಿಬಿ ಇಳಿಸಿ, ಫ್ಯಾನಿನ ತಂತಿಗಳನ್ನು ಕನೆಕ್ಟರಿನಿಂದ ಬಿಡಿಸಿ, ಅವುಗಳ ನಡುವಿನ ಓಮ್ ಅಳೆಯಿರಿ. ಏನಾದರೂ ಒಂದು ಅಂಕಿ ಬಂದರೆ ವೈಂಡಿಂಗ್, ಅಂದರೆ ಮೋಟರಿನೊಳಗೆ ಸುತ್ತಿರುವ ತಂತಿ, ಕಡಿದಿಲ್ಲ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ಎಲ್ಲೋ ತುಂಡಾಗಿದೆ. ಟೈಮರ್ ಅಥವಾ ತೇವ ಗುರುತಿಸುವ ಸೆನ್ಸರಿನ ಬೋರ್ಡ್ ಇರುವ ಫ್ಯಾನಿನಲ್ಲಿ ಈ ಅಳತೆಯನ್ನು ಬೋರ್ಡಿನ ಆಚೆ, ಮೋಟರಿನ ತಂತಿಗಳ ಮೇಲೇ ಮಾಡಬೇಕು. ಇಲ್ಲದಿದ್ದರೆ ಬೋರ್ಡಿನ ಓಮನ್ನು ಮೋಟರಿನದು ಅಂದುಕೊಳ್ಳುತ್ತೀರಿ.

ಹೀಗೆ ತುಂಡಾಗುವುದು ಸಾಮಾನ್ಯವಾಗಿ ಥರ್ಮಲ್ ಫ್ಯೂಸ್. ವೈಂಡಿಂಗಿಗೆ ಅಂಟಿಕೊಂಡು, ಟೇಪಿನ ಕೆಳಗೆ ಅಡಗಿ ಕೂತಿರುವ ಚಿಕ್ಕ ತುಂಡು ಅದು. ಮೋಟರ್ ಮಿತಿ ಮೀರಿ ಕಾದರೆ ಕಡಿದುಕೊಳ್ಳುತ್ತದೆ, ತಣ್ಣಗಾದರೂ ಮತ್ತೆ ಕೂಡುವುದಿಲ್ಲ. ಅದನ್ನು ತೆಗೆದು ಎರಡು ತಂತಿಯನ್ನು ನೇರವಾಗಿ ತಿರುಚಿ ಜೋಡಿಸಿ "ಸರಿಹೋಯಿತು" ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಆ ಫ್ಯೂಸ್ ಹೋಗಿರುವುದು ಮೋಟರ್ ಸಿಕ್ಕಿಕೊಂಡೋ, ಬುಷ್ (ಮೋಟರಿನ ನಡುವಿನ ಕಡ್ಡಿ ಕೂತು ತಿರುಗುವ ಲೋಹದ ಬಳೆ) ಒಣಗಿಯೋ, ಧೂಳು ಮುಚ್ಚಿಯೋ ಬಿಸಿಯಾದ ಕಾರಣಕ್ಕೆ. ಕಾರಣ ಹಾಗೇ ಇದೆ, ಕಾವಲು ಮಾತ್ರ ಹೋಯಿತು ಅಂದರೆ ಮುಂದಿನ ಸಲ ಬೆಂಕಿಯೇ ಹತ್ತಬಹುದು. ಸುತ್ತ ನೂಲು, ಧೂಳು ತುಂಬಿದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಿಸಿಯಾಗುತ್ತಿರುವ ಮೋಟರ್, ಕೋಣೆಯಲ್ಲಿ ಯಾರೂ ಇಲ್ಲ. ಥರ್ಮಲ್ ಫ್ಯೂಸ್ ಹೋಗಿದೆ ಅಂದರೆ ಸಣ್ಣ ಪ್ಲಾಸ್ಟಿಕ್ ಫ್ಯಾನಿಗೆ ನನ್ನ ಉತ್ತರ ಒಂದೇ, ಹೊಸದು ತನ್ನಿ. ಸುಟ್ಟ ವಾಸನೆ ಬಂದಿದ್ದರೆ ಅಳೆಯುವುದೂ ಬೇಡ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ರಿಪೇರಿಯಿಂದ ನಿಜವಾಗಿ ದುಡ್ಡು ಉಳಿಯುವುದು ಇಲ್ಲಿ. ಗುಂಯ್ ಅನ್ನುತ್ತಿದೆ ಅಂದರೆ ಕರೆಂಟ್ ವೈಂಡಿಂಗಿನವರೆಗೆ ಬಂದಿದೆ. ತಿರುಗಿಸುವ ಬಲ ಸಾಲುತ್ತಿಲ್ಲ, ಅಥವಾ ಯಾವುದೋ ಹಿಡಿದುಕೊಂಡಿದೆ. ಆ ಸ್ಥಿತಿಯಲ್ಲಿ ಆನ್ ಮಾಡಿ ಬಿಟ್ಟರೆ ವೈಂಡಿಂಗ್ ಕಾಯುತ್ತದೆ. ಆದ್ದರಿಂದ ಕೂಡಲೇ ಆಫ್ ಮಾಡಿ.

ಎಂಸಿಬಿ ಇಳಿಸಿ, ಜಾಲರಿ ತೆಗೆದು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಒಳ್ಳೆಯ ಫ್ಯಾನ್ ಒಮ್ಮೆ ತಳ್ಳಿದರೆ ಕೆಲವು ಸುತ್ತು ತಾನೇ ತಿರುಗುತ್ತದೆ. ತಳ್ಳಿದಷ್ಟೇ ತಿರುಗಿ ಗಕ್ಕನೆ ನಿಂತರೆ ಬುಷ್ ಅಥವಾ ಬೇರಿಂಗ್ ಬಿಗಿಯಾಗಿದೆ. ಸಲೀಸಾಗಿ ತಿರುಗಿದರೆ ಅನುಮಾನ ಕೆಪಾಸಿಟರ್ ಮೇಲೆ.

ಇಲ್ಲಿ ಮೋಟರ್ ಯಾವ ಜಾತಿಯದು ಅಂತ ಗೊತ್ತಿರಬೇಕು. ಸಣ್ಣ, ಅಗ್ಗದ ಫ್ಯಾನುಗಳಲ್ಲಿ ಬಹಳಷ್ಟು ಷೇಡೆಡ್ ಪೋಲ್ ಮೋಟರ್. ಕಬ್ಬಿಣದ ತಗಡಿನ ಕಟ್ಟು, ಅದರ ಮೂಲೆಯಲ್ಲಿ ದಪ್ಪ ತಾಮ್ರದ ಬಳೆ ಕಾಣುತ್ತದೆ. ಇದರಲ್ಲಿ ಕೆಪಾಸಿಟರೇ ಇರುವುದಿಲ್ಲ. ಶುರುವಾಗುವಾಗ ಇದಕ್ಕೆ ಬಲ ಬಹಳ ಕಡಿಮೆ. ಬುಷ್ಷಿನಲ್ಲಿ ಎಣ್ಣೆ ಒಣಗಿ ಸ್ವಲ್ಪ ಜಿಡ್ಡು ಗಟ್ಟಿಯಾದರೂ ಸಾಕು, ನಿಂತುಬಿಡುತ್ತದೆ. ಅಂದರೆ ಷೇಡೆಡ್ ಪೋಲ್ ಮೋಟರ್ ಗುಂಯ್ ಅಂದರೆ ಕೊಳೆ ಮತ್ತು ಎಣ್ಣೆಯನ್ನೇ ಮೊದಲು ನೋಡಬೇಕು.

ಇನ್ನೊಂದು ಜಾತಿ ಕೆಪಾಸಿಟರ್ ಮೋಟರ್. ಪಕ್ಕದಲ್ಲಿ ಎರಡು ತಂತಿಯ ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಮೇಲೆ ಮೈಕ್ರೋಫ್ಯಾರಡ್ ಅಂಕಿ, ಅಂದರೆ ಅದರ ಶಕ್ತಿಯ ಅಳತೆ, ಬರೆದಿರುತ್ತದೆ. ಕೆಲವು ಕಡೆ ಇದಕ್ಕೆ ಕಂಡೆನ್ಸರ್ ಅಂತಲೂ ಹೇಳುತ್ತಾರೆ. ವರ್ಷಗಳು ಕಳೆದ ಹಾಗೆ ಇದರ ಶಕ್ತಿ ಇಳಿಯುತ್ತದೆ. ಮೊದಲು ಫ್ಯಾನ್ ನಿಧಾನವಾಗುತ್ತದೆ, ಆಮೇಲೆ ಶುರುವಾಗಲು ಒದ್ದಾಡುತ್ತದೆ, ಕೊನೆಗೆ ಗುಂಯ್ ಅಂತ ನಿಲ್ಲುತ್ತದೆ. ಕೆಪಾಸಿಟರ್ ಪೂರ್ತಿ ಹೋದ ಮೋಟರಿನ ಗುರುತು ಒಂದಿದೆ. ರೆಕ್ಕೆಯನ್ನು ಯಾವ ಕಡೆಗೆ ತಳ್ಳಿದರೆ ಆ ಕಡೆಗೇ ಓಡತೊಡಗುತ್ತದೆ, ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಆದರೆ ಇದು ಕರೆಂಟ್ ಇರುವಾಗ ಮಾಡುವ ಪರೀಕ್ಷೆ. ಉದ್ದನೆಯ ಒಣ ಮರದ ಕಡ್ಡಿ ಇಲ್ಲದಿದ್ದರೆ, ಏಣಿ ಗಟ್ಟಿಯಾಗಿಲ್ಲದಿದ್ದರೆ ಬಿಟ್ಟುಬಿಡಿ. ಕೆಪಾಸಿಟರ್ ಬಿಚ್ಚಿ ಅಳೆದರೂ ಅದೇ ಉತ್ತರ ಸಿಗುತ್ತದೆ.

ಮೈಕ್ರೋಫ್ಯಾರಡ್ ಅಳೆಯುವ ಮಲ್ಟಿಮೀಟರ್ ಇದ್ದರೆ ಬರೆದ ಅಂಕಿಗೂ ಅಳತೆಗೂ ತಾಳೆ ನೋಡಿ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿದಿದ್ದರೆ ಬದಲಿಸಿ. ಮುಟ್ಟುವ ಮುಂಚೆ ಎರಡು ತಂತಿಯನ್ನು ಒಂದು ರೆಸಿಸ್ಟರ್ ಮೂಲಕ ಸೇರಿಸಿ ಒಳಗಿರುವ ಚಾರ್ಜ್ ಖಾಲಿ ಮಾಡಿ. ಚಿಕ್ಕದಾದರೂ ಬೆಚ್ಚಿಬೀಳುವ ಹಾಗೆ ಹೊಡೆಯುತ್ತದೆ, ಏಣಿ ಮೇಲೆ ಬೆಚ್ಚಿಬಿದ್ದರೆ ಕಷ್ಟ. ಹೊಸದು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರಬಹುದು. "ಜಾಸ್ತಿ ಮೈಕ್ರೋಫ್ಯಾರಡ್ ಹಾಕಿದರೆ ಜೋರಾಗಿ ಓಡುತ್ತದೆ" ಅನ್ನುವ ಸಲಹೆ ಕೇಳಬೇಡಿ. ಹಾಗೆ ಮಾಡಿದರೆ ವೈಂಡಿಂಗ್ ಕಾಯುತ್ತದೆ.

ಎಣ್ಣೆನಾ, ಬೇರಿಂಗಾ?

ಕಿರುಚುವ ಫ್ಯಾನಿಗೂ ಬಿಗಿಯಾದ ಫ್ಯಾನಿಗೂ ಎಲ್ಲರೂ ಹೇಳುವ ಮದ್ದು ಎಣ್ಣೆ. ಎಣ್ಣೆಯಿಂದ ಸರಿಹೋಗುತ್ತದಾ ಇಲ್ಲವಾ ಅಂತ ತಿಳಿಯಲು ಶಾಫ್ಟನ್ನು, ಅಂದರೆ ರೆಕ್ಕೆ ಕೂತಿರುವ ಕಡ್ಡಿಯನ್ನು, ಹಿಡಿದು ಅಲ್ಲಾಡಿಸಿ. ಹಿಂದೆ ಮುಂದೆ ಸ್ವಲ್ಪ ಆಡಿದರೆ ತೊಂದರೆಯಿಲ್ಲ, ಅಷ್ಟು ಇರಲೇಬೇಕು. ಪಕ್ಕಕ್ಕೆ ಆಡಿದರೆ ಬುಷ್ ಸವೆದಿದೆ. ಸವೆದ ಬುಷ್ಷಿಗೆ ಎಷ್ಟು ಎಣ್ಣೆ ಸುರಿದರೂ ನಾಲ್ಕು ದಿನದ ಶಾಂತಿ ಅಷ್ಟೇ.

ಪಕ್ಕಕ್ಕೆ ಆಡುತ್ತಿಲ್ಲ, ಬರೀ ಒಣಗಿದೆ ಅಂದರೆ ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಈ ಬುಷ್ಷುಗಳು ಪುಡಿ ಲೋಹವನ್ನು ಒತ್ತಿ ಮಾಡಿದವು. ಅವುಗಳ ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಅಲ್ಲಿ ಎಣ್ಣೆ ಕೂತಿರುತ್ತದೆ. ಸುತ್ತ ಒಂದು ಫೆಲ್ಟ್ ಬಳೆಯೂ ಇರುತ್ತದೆ. ಹಳೆಯ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಶಾಫ್ಟ್ ಒಳಗೆ ಹೋಗುವ ಜಾಗದಲ್ಲಿ ಎರಡು ಮೂರು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ತೊಟ್ಟು. ಮೋಟರಿನ ಎರಡೂ ತುದಿಗೆ ಬಿಡಬೇಕು. ಹಿಂದಿನ ತುದಿಯನ್ನು ಎಲ್ಲರೂ ಮರೆಯುತ್ತಾರೆ. ಅಡುಗೆ ಎಣ್ಣೆ ಬೇಡ, ಅದು ಕೆಲವು ತಿಂಗಳಲ್ಲಿ ಅಂಟು ಅಂಟಾಗಿ ಮತ್ತೆ ಹಿಡಿದುಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ. ಹೊಡೆದ ಕೂಡಲೇ ಫ್ಯಾನ್ ಕುಣಿದಾಡುತ್ತದೆ, ಅಷ್ಟಕ್ಕೇ ಮರುಳಾಗಬೇಡಿ. ಅದರಲ್ಲಿ ಹೆಚ್ಚಿನ ಪಾಲು ಆವಿಯಾಗಿ ಹೋಗುವ ದ್ರಾವಕ. ಹೋಗುವಾಗ ಬುಷ್ಷಿನಲ್ಲಿ ಉಳಿದಿದ್ದ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತದೆ.

ಬಾಲ್ ಬೇರಿಂಗ್ ಇರುವ ಮೋಟರಿನ ಕಥೆ ಬೇರೆ. ಮುಚ್ಚಿದ ಬೇರಿಂಗಿನ ಒಳಗೆ ಹೊರಗಿನಿಂದ ಬಿಟ್ಟ ಎಣ್ಣೆ ಸರಿಯಾಗಿ ಹೋಗುವುದೇ ಇಲ್ಲ. ಅದನ್ನು ಬದಲಿಸಬೇಕು. ಬೇರಿಂಗಿನ ಮುಖದ ಮೇಲೆ ಅಂಕಿ ಇರುತ್ತದೆ. ಸಣ್ಣ ಮೋಟರುಗಳಲ್ಲಿ 608 ಆಗಾಗ ಕಾಣುತ್ತದೆ, ಅಂದರೆ ಒಳಗಿನ ತೂತು 8 ಮಿಲಿಮೀಟರ್, ಹೊರಗಿನ ಅಳತೆ 22, ದಪ್ಪ 7. ಅಂಕಿಯ ಮುಂದೆ ಝಡ್‌ಝಡ್ ಇದ್ದರೆ ಎರಡೂ ಕಡೆ ಲೋಹದ ಮುಚ್ಚಳ, ಟೂ ಆರ್‌ಎಸ್ ಇದ್ದರೆ ಎರಡೂ ಕಡೆ ರಬ್ಬರ್. ರಬ್ಬರ್ ತೇವವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಸ್ವಲ್ಪ ಬಿಗಿ. ಬಲ ಕಡಿಮೆ ಇರುವ ಮೋಟರಿಗೆ ಆ ಬಿಗಿಯೂ ಭಾರವೇ. ಹಳೆಯದು ಏನಿತ್ತೋ ಅದನ್ನೇ ತರುವುದು ಸುಲಭದ ದಾರಿ.

ಸದ್ದು ಕಿರುಚಾಟ ಅಲ್ಲ, ಗಡಗಡ ಅಂದರೆ ಮೋಟರನ್ನು ಬಿಚ್ಚುವ ಮುಂಚೆ ಓಡುತ್ತಿರುವ ಫ್ಯಾನಿನ ಚೌಕಟ್ಟನ್ನು ಒಣ ಕೈಯಿಂದ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಸ್ಕ್ರೂ ಸಡಿಲ ಅಥವಾ ಜಾಲರಿ ಸರಿಯಾಗಿ ಕೂತಿಲ್ಲ. ಒಂದು ರೆಕ್ಕೆಗೆ ಕೊಳೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಇದ್ದರೂ ತೂಕ ತಪ್ಪಿ ಫ್ಯಾನ್ ನಡುಗುತ್ತದೆ. ತೊಳೆದರೆ ಹೋಗುತ್ತದೆ.

ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ

ಜನ ಸುಮ್ನೆ ಹೊಸ ಫ್ಯಾನ್ ತಂದು ಮೋಸಹೋಗುವುದು ಇಲ್ಲೇ. ಒಂದು ತೆಳು ಟಿಶ್ಯೂ ಕಾಗದವನ್ನು ಜಾಲರಿಗೆ ಹಿಡಿದು ಕೈ ಬಿಡಿ. ಅಂಟಿಕೊಂಡು ನಿಂತರೆ ಎಳೆತ ಇದೆ. ಬಿದ್ದರೆ, ಬಾಗಿಲನ್ನು ಸ್ವಲ್ಪ ತೆರೆದು ಮತ್ತೆ ಹಿಡಿಯಿರಿ. ಈಗ ಅಂಟಿಕೊಂಡರೆ ಫ್ಯಾನಿಗೆ ಏನೂ ಆಗಿಲ್ಲ. ಕೋಣೆಗೆ ಒಳಗೆ ಬರುವ ಗಾಳಿ ಇಲ್ಲ, ಅಷ್ಟೇ. ಹೊರಗೆ ಎಷ್ಟು ಹೋಗಬೇಕೋ ಅಷ್ಟು ಒಳಗೆ ಬರಲೇಬೇಕಲ್ವಾ? ಬಾಗಿಲ ಕೆಳಗೆ ಸುಮಾರು 10 ಮಿಲಿಮೀಟರ್ ಸಂದು ಇದ್ದರೆ ಸಾಮಾನ್ಯ ಬಾತ್‌ರೂಮಿಗೆ ಸಾಕಾಗುತ್ತದೆ. ಹೊಸ ಟೈಲ್ಸ್ ಹಾಕಿಸಿದ ಮೇಲೋ, ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೋ ಫ್ಯಾನ್ "ಕೆಟ್ಟಿತು" ಅನ್ನಿಸಿದ್ದರೆ ಕಾರಣ ಇದೇ ಇರಬಹುದು.

ಬಾಗಿಲು ತೆರೆದರೂ ಕಾಗದ ಬಿದ್ದರೆ ಹೊರಗಡೆ ಹೋಗಿ ನೋಡಿ. ಗೋಡೆಯ ಆಚೆ ಇರುವ ಪಟ್ಟಿಗಳು ಫ್ಯಾನ್ ಹಾಕಿದಾಗ ಮೇಲೇಳುತ್ತಿವೆಯಾ? ಬಣ್ಣ ಬಳಿಯುವಾಗ ಅಂಟಿಕೊಂಡಿರಬಹುದು, ಜೇಡ ಬಲೆ ಕಟ್ಟಿರಬಹುದು, ಹಕ್ಕಿ ಗೂಡು ಮಾಡಿರಬಹುದು. ಸೊಳ್ಳೆ ಬರಬಾರದು ಅಂತ ಹಾಕಿದ ಸಣ್ಣ ಕಣ್ಣಿನ ಮೆಶ್ ದೊಡ್ಡ ಕಳ್ಳ. ಟವಲಿನ ನೂಲು, ಕೂದಲು, ತೇವ ಸೇರಿ ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತದೆ.

ಸೀಲಿಂಗ್ ಫ್ಯಾನುಗಳಲ್ಲಿ ಪೈಪನ್ನು ನೋಡಲೇಬೇಕು. ಸುರುಳಿಯಂತೆ ಬಾಗುವ ಪೈಪು ಜೋತುಬಿದ್ದರೆ, ಆ ತಗ್ಗಿನಲ್ಲಿ ಹಬೆ ತಣಿದು ನೀರಾಗಿ ನಿಲ್ಲುತ್ತದೆ. ಆಮೇಲೆ ಗಾಳಿಗೆ ದಾರಿಯೇ ಇಲ್ಲ. ಫ್ಯಾನಿನಿಂದ ನೀರು ತೊಟ್ಟಿಕ್ಕುವುದಕ್ಕೂ ಬಹಳ ಸಲ ಇದೇ ಕಾರಣ. ಪೈಪು ಹೊರಗಿನ ಕಡೆಗೆ ಸ್ವಲ್ಪ ಇಳಿಜಾರಾಗಿರಲಿ, ತಣ್ಣನೆ ಜಾಗದಲ್ಲಿ ಹಾದುಹೋದರೆ ಮೇಲೆ ಹೊದಿಕೆ ಇರಲಿ. 100 ಮಿಲಿಮೀಟರ್ ಫ್ಯಾನಿಗೆ 75 ಮಿಲಿಮೀಟರ್ ಪೈಪು ಜೋಡಿಸಿದ್ದರೆ ಗಾಳಿಯ ದಾರಿ ನೂರಕ್ಕೆ 56ಕ್ಕೆ ಇಳಿಯಿತು ಅಂತ ಲೆಕ್ಕ. ಇನ್ನು ಪೈಪು ಫಾಲ್ಸ್ ಸೀಲಿಂಗಿನ ಒಳಗೇ ಕೊನೆಯಾಗಿದ್ದರೆ ಅದು ಕೆಲಸ ಅಲ್ಲ, ಕಣ್ಣಿಗೆ ಮಣ್ಣೆರಚುವುದು. ಬಾತ್‌ರೂಮಿನ ಹಬೆಯನ್ನೆಲ್ಲ ಕಣ್ಣಿಗೆ ಕಾಣದ ಜಾಗದಲ್ಲಿ ತುಂಬಿಸಿ ಅಲ್ಲಿ ಬೂಷ್ಟು ಬೆಳೆಸಿದ ಹಾಗೆ. ಮೊದಲು ಅದನ್ನು ಗೋಡೆಯ ಆಚೆಗೆ ತಲುಪಿಸಿ.

ತೊಳೆಯುವುದರ ಬಗ್ಗೆ ಹೇಳುವುದು ಸ್ವಲ್ಪವೇ. ಜಾಲರಿ, ರೆಕ್ಕೆಯನ್ನು ಬಿಸಿ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿ. ಮೋಟರಿಗೆ ನೀರು ತಾಗಬಾರದು, ಒಣ ಬ್ರಷ್ ಸಾಕು. ರೆಕ್ಕೆಯ ನಡುವಿನ ನಟ್ ಎಷ್ಟೋ ಫ್ಯಾನುಗಳಲ್ಲಿ ಉಲ್ಟಾ ತಿರುಪಿನದು, ಅಂದರೆ ಮಾಮೂಲಿ ನಟ್ ಬಿಗಿಯಾಗುವ ಕಡೆಗೆ ತಿರುಗಿಸಿದರೆ ಇದು ಬಿಚ್ಚುತ್ತದೆ. ಅದರ ಮೇಲೆ ಬಾಣದ ಗುರುತು ಇದೆಯಾ ನೋಡದೆ ಬಲ ಹಾಕಬೇಡಿ.

ನಿಲ್ಲುವುದೇ ಇಲ್ಲ ಅಂದರೆ

ಸೆನ್ಸರ್ ಇರುವ ಫ್ಯಾನ್ ಇಡೀ ದಿನ ಓಡುತ್ತಿದ್ದರೆ ಕೆಟ್ಟಿದೆ ಅಂತ ಕೂಡಲೇ ತೀರ್ಮಾನಿಸಬೇಡಿ. ಮಳೆಗಾಲದಲ್ಲಿ ಹೊರಗಿನ ಗಾಳಿಯ ತೇವವೇ ಸೆನ್ಸರಿಗೆ ಇಟ್ಟ ಮಿತಿಗಿಂತ ಮೇಲಿರುತ್ತದೆ. ಫ್ಯಾನ್ ಎಷ್ಟು ಓಡಿದರೂ ಆ ಮಿತಿಗಿಂತ ಕೆಳಗೆ ಇಳಿಸಲಾರದು. ಒಳಗಿನ ಚಿಕ್ಕ ಡಯಲನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ಸೆನ್ಸರಿನ ಮೇಲಿನ ಧೂಳು ತೆಗೆಯಿರಿ. ಆಗಲೂ ನಿಲ್ಲದಿದ್ದರೆ ಬೋರ್ಡ್ ಹೋಗಿದೆ.

ಹಾಗಾದರೆ ಯಾವಾಗ ಯಾವುದು?

ಸಣ್ಣ ಪ್ಲಾಸ್ಟಿಕ್ ಫ್ಯಾನ್ ಆದರೆ ತೊಳೆಯಿರಿ, ಎಣ್ಣೆ ಬಿಡಿ, ಕೆಪಾಸಿಟರ್ ಇದ್ದರೆ ಬದಲಿಸಿ. ಅಲ್ಲಿಗೆ ನಿಲ್ಲಿಸಿ. ಬುಷ್ ಸವೆದಿದ್ದರೆ, ವೈಂಡಿಂಗ್ ಹೋಗಿದ್ದರೆ, ಪ್ಲಾಸ್ಟಿಕ್ ಹಳದಿಯಾಗಿ ಮುಟ್ಟಿದರೆ ಮುರಿಯುತ್ತಿದ್ದರೆ ಹೊಸದೇ ಸರಿ. ಅಂಥ ಮೋಟರಿಗೆ ವೈಂಡಿಂಗ್ ಮಾಡಿಸುವುದು ಬರೀ ಹಟ.

ಲೋಹದ ಮೈಯ, ಬೇರಿಂಗ್ ಇರುವ ದೊಡ್ಡ ಫ್ಯಾನ್ ಆದರೆ ಲೆಕ್ಕ ತಿರುಗುತ್ತದೆ. ಬೇರಿಂಗ್ ಸಿಗುತ್ತದೆ, ಕೆಪಾಸಿಟರ್ ಸಿಗುತ್ತದೆ, ವೈಂಡಿಂಗ್ ಮಾಡುವವರೂ ಒಪ್ಪುತ್ತಾರೆ. ಇಂಥದನ್ನು ಎಸೆಯಬೇಡಿ.

ಮೋಟರ್ ಮಾತ್ರ ಬದಲಿಸುವುದು ಯಾವಾಗ? ಡಬ್ಬಿ ಸೀಲಿಂಗಿನೊಳಗೆ ಕಟ್ಟಿಹಾಕಿದ ಹಾಗೆ ಕೂತಿದ್ದು, ತೆಗೆದರೆ ಸೀಲಿಂಗ್ ಒಡೆಯಬೇಕು ಅನ್ನುವಾಗ. ಆಗ ಅದೇ ಮಾಡೆಲಿನ ಮೋಟರ್ ಹುಡುಕುವುದು ವಾಸಿ. ಮಾಡೆಲ್ ನಂಬರ್ ಡಬ್ಬಿಯ ಒಳಗಿನ ಚೀಟಿಯಲ್ಲಿರುತ್ತದೆ. "ಹೆಚ್ಚೂಕಡಿಮೆ ಹೊಂದುತ್ತದೆ" ಅನ್ನುವ ಮೋಟರ್ ತಂದರೆ ಶಾಫ್ಟಿನ ಉದ್ದ, ತಿರುಗುವ ದಿಕ್ಕು, ಸ್ಕ್ರೂ ಜಾಗ ಇವುಗಳಲ್ಲಿ ಒಂದು ಕೈಕೊಡುತ್ತದೆ.

ಕರೆಂಟ್ ಉಳಿಸಲೆಂದು ಓಡುತ್ತಿರುವ ಫ್ಯಾನ್ ಬದಲಿಸುವ ಯೋಚನೆ ಇದ್ದರೆ ಒಂದು ಲೆಕ್ಕ ನೋಡಿ. 30 ವ್ಯಾಟಿನ ಫ್ಯಾನ್ ದಿನಕ್ಕೆ ಒಂದು ಗಂಟೆ ಓಡಿದರೆ ವರ್ಷಕ್ಕೆ ಸುಮಾರು 11 ಯೂನಿಟ್. ಅದರಲ್ಲಿ ಉಳಿಸುವುದೇನು? ದಿನವಿಡೀ ಓಡುವ ಫ್ಯಾನ್ ಆದರೆ ಅದೇ 30 ವ್ಯಾಟ್ ವರ್ಷಕ್ಕೆ 263 ಯೂನಿಟ್ ತಿನ್ನುತ್ತದೆ. 6 ವ್ಯಾಟಿನ ಡಿಸಿ ಮೋಟರಿನದು 53 ಯೂನಿಟ್. ಅಲ್ಲಿ ಮಾತ್ರ ದುಬಾರಿ ಮೋಟರಿಗೆ ಅರ್ಥವಿದೆ. ಡಿಸಿ ಮೋಟರಿನ ಬೋರ್ಡ್ ಕೆಟ್ಟರೆ ಮನೆಯಲ್ಲಿ ರಿಪೇರಿ ಆಗುವುದಿಲ್ಲ ಅನ್ನುವುದೂ ನೆನಪಿರಲಿ.

ಹೊಸದು ತರುವುದೇ ಆದರೆ

ಗೋಡೆಯಲ್ಲಿ ತೂತು, ಆಚೆ ಬಯಲು. ಹೀಗಿದ್ದರೆ ರೆಕ್ಕೆಯ ಸಾದಾ ಫ್ಯಾನ್ ಸಾಕು. ಅಗ್ಗ, ತೊಳೆಯುವುದು ಸುಲಭ, ಗಾಳಿಯೂ ಜೋರು. ಆದರೆ ಇದಕ್ಕೆ ಎದುರಿಗೆ ಅಡ್ಡಿ ಬಂದರೆ ಆಗುವುದಿಲ್ಲ. ಉದ್ದ ಪೈಪು ಜೋಡಿಸಿದರೆ ರೆಕ್ಕೆ ಸುಮ್ನೆ ಗಾಳಿಯನ್ನು ಅಲ್ಲೇ ಕಡೆಯುತ್ತಾ ಕೂರುತ್ತದೆ. ಪೈಪು ಇರುವ ಕಡೆ ಬ್ಲೋವರ್ ಚಕ್ರದ ಫ್ಯಾನ್ ಬೇಕು. ಅದು ಗಾಳಿಯನ್ನು ಒತ್ತಿ ತಳ್ಳುತ್ತದೆ. ಪೈಪು ಬಹಳ ಉದ್ದ, ತಿರುವು ಜಾಸ್ತಿ ಅಂದರೆ ಪೈಪಿನ ನಡುವೆಯೇ ಕೂರುವ ಇನ್‌ಲೈನ್ ಫ್ಯಾನ್ ನೋಡಿ. ಸದ್ದು ಬಾತ್‌ರೂಮಿನಿಂದ ದೂರ ಇರುತ್ತದೆ. ಆದರೆ ರಿಪೇರಿಗೆ ಕೈ ಹೋಗುವ ಜಾಗದಲ್ಲಿ ಇಡಿಸಿ, ಇಲ್ಲದಿದ್ದರೆ ಮುಂದೆ ಬೈದುಕೊಳ್ಳುತ್ತೀರಿ.

ಎಷ್ಟು ಶಕ್ತಿ ಬೇಕು ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಕೋಣೆಯ ಗಾಳಿ ಗಂಟೆಗೆ 8 ಸಲ ಬದಲಾಗಬೇಕು ಅಂತ ಇಟ್ಟುಕೊಳ್ಳಿ. 2 ಮೀಟರ್ ಅಗಲ, 2.5 ಮೀಟರ್ ಉದ್ದ, 2.6 ಮೀಟರ್ ಎತ್ತರದ ಕೋಣೆಯಲ್ಲಿ 13 ಘನ ಮೀಟರ್ ಗಾಳಿ. ಎಂಟರಿಂದ ಗುಣಿಸಿದರೆ ಗಂಟೆಗೆ 104 ಘನ ಮೀಟರ್. ಡಬ್ಬಿಯ ಮೇಲೆ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಅಂತ ಬರೆದಿದ್ದರೆ 1.7ರಿಂದ ಭಾಗಿಸಿ, ಸುಮಾರು 61 ಬರುತ್ತದೆ. ಕೋಣೆ ಎಷ್ಟೇ ಚಿಕ್ಕದಾದರೂ 50 ಸಿಎಫ್‌ಎಂಗಿಂತ ಕೆಳಗೆ ಹೋಗಬೇಡಿ. ಡಬ್ಬಿಯ ಮೇಲಿನ ಅಂಕಿ ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗಿನದು ಆಗಿರಬಹುದು. ಪೈಪು ಇದ್ದರೆ ಒಂದು ಮೆಟ್ಟಿಲು ಮೇಲಿನದನ್ನೇ ತನ್ನಿ.

ಸದ್ದಿನ ವಿಷಯದಲ್ಲಿ, ಅಷ್ಟೇ ಗಾಳಿಗೆ ಚಿಕ್ಕದಾಗಿ ಜೋರಾಗಿ ತಿರುಗುವುದಕ್ಕಿಂತ ದೊಡ್ಡದಾಗಿ ನಿಧಾನ ತಿರುಗುವುದು ವಾಸಿ. ಸೋನ್ (ಕಿವಿಗೆ ಸದ್ದು ಎಷ್ಟು ಜೋರು ಅನ್ನಿಸುತ್ತದೆ ಅನ್ನುವ ಅಳತೆ) ಲೆಕ್ಕದಲ್ಲಿ ಬರೆದಿದ್ದರೆ 2 ಸೋನ್ ಅಂದರೆ 1 ಸೋನಿನ ಎರಡರಷ್ಟು ಸದ್ದು. ಡೆಸಿಬೆಲ್ ಹಾಗಲ್ಲ, ಅಲ್ಲಿ 10 ಏರಿದರೆ ಕಿವಿಗೆ ಸುಮಾರು ಎರಡರಷ್ಟು. 30 ಮತ್ತು 40ರ ನಡುವಿನ ವ್ಯತ್ಯಾಸ ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡದು.

ಟೈಮರ್, ಸೆನ್ಸರ್, ಸಾದಾ ಇವುಗಳಲ್ಲಿ ನನ್ನ ಮತ ಟೈಮರಿಗೆ. ಸ್ನಾನ ಮುಗಿದ ಮೇಲೆ 15ರಿಂದ 20 ನಿಮಿಷ ಫ್ಯಾನ್ ಓಡಬೇಕು, ಅಷ್ಟು ಹೊತ್ತು ನೆನಪಿಟ್ಟು ಆಫ್ ಮಾಡುವವರು ಯಾರೂ ಇಲ್ಲ. ಸೆನ್ಸರ್ ಕೇಳಲು ಚೆನ್ನ, ಆದರೆ ತೇವ ಜಾಸ್ತಿ ಇರುವ ಹವೆಯಲ್ಲಿ ಮೇಲೆ ಹೇಳಿದ ಕಿರಿಕಿರಿ ಇದ್ದೇ ಇದೆ. ಶವರ್ ಹತ್ತಿರ ಇಡುವುದಾದರೆ ಐಪಿಎಕ್ಸ್4 ಅಥವಾ ಅದಕ್ಕಿಂತ ಮೇಲಿನ ಗುರುತು ಇರಲಿ, ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ.

ಅಂಗಡಿಗೆ ಹೋಗುವ ಮುಂಚೆ ಗೋಡೆಯ ತೂತನ್ನು ಅಳೆಯಿರಿ. ಫ್ಯಾನಿನ ಮೇಲೆ ಬರೆದ ಅಳತೆ ರೆಕ್ಕೆಯದು, ಅದಕ್ಕೆ ಬೇಕಾದ ತೂತು ದೊಡ್ಡದು.

ಎಲೆಕ್ಟ್ರಿಷಿಯನ್‌ಗೆ ಬಿಡಬೇಕಾದದ್ದು

ಹೊಸ ತಂತಿ ಎಳೆಯಬೇಕು, ಎಂಸಿಬಿ ಹಾಕಿದ ಕೂಡಲೇ ಮತ್ತೆ ಬೀಳುತ್ತಿದೆ, ಫ್ಯಾನಿನ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಇವುಗಳಲ್ಲಿ ಒಂದಿದ್ದರೂ ನೀವು ಕೈ ಹಾಕಬೇಡಿ. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಇನ್ನೂ ದೊಡ್ಡ ಎಚ್ಚರ ಬೇಕು. ಜೋರಾದ ಫ್ಯಾನ್ ಕೋಣೆಯ ಗಾಳಿಯನ್ನು ಎಳೆದಾಗ, ಒಳಗೆ ಬರಲು ಬೇರೆ ದಾರಿ ಇಲ್ಲದಿದ್ದರೆ ಗೀಸರಿನ ಹೊಗೆ ಚಿಮಣಿಯಿಂದಲೇ ಹಿಂದಕ್ಕೆ ಬರಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಅಂಥ ಕಡೆ ದೊಡ್ಡ ಫ್ಯಾನ್ ಹಾಕುವ ಮುಂಚೆ ಗ್ಯಾಸ್ ಕೆಲಸದವರನ್ನು ಕರೆಸಿ ತೋರಿಸಿ. ಗೀಸರನ್ನು ಹೊರಗೆ ಹಾಕಿಸಿದರೆ ಇನ್ನೂ ಒಳ್ಳೆಯದು.

ಎಲ್ಲ ಮುಗಿಸಿ ಜೋಡಿಸಿದ ಮೇಲೆ ಮತ್ತೆ ಟಿಶ್ಯೂ ಕಾಗದ ಹಿಡಿಯಿರಿ. ಈಗ ಗಾಳಿ ಒಳಕ್ಕೆ ಬೀಸುತ್ತಿದ್ದರೆ ಗಾಬರಿ ಬೇಡ. ಕೆಪಾಸಿಟರ್ ಮೋಟರಿನ ತಂತಿ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ, ಫೋಟೋ ನೋಡಿ ಸರಿ ಮಾಡಿ. ಷೇಡೆಡ್ ಪೋಲ್ ಮೋಟರಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾದರೂ ದಿಕ್ಕು ಬದಲಾಗುವುದಿಲ್ಲ. ಅದು ಉಲ್ಟಾ ಬೀಸಿದರೆ ಮೋಟರನ್ನು ಬಿಚ್ಚಿ ಜೋಡಿಸುವಾಗ ರೋಟರ್ (ಮೋಟರಿನ ತಿರುಗುವ ಭಾಗ) ಹಿಂದುಮುಂದಾಗಿದೆ. ಗಾಳಿ ಹೊರಗೇ ಹೋಗುತ್ತಿದೆ, ಆದರೆ ಮೊದಲಿಗಿಂತ ಕಡಿಮೆ ಅಂದರೆ ರೆಕ್ಕೆಯನ್ನೇ ತಿರುಗಾಮುರುಗಾ ಕೂರಿಸಿದ್ದೀರಿ. ರೆಕ್ಕೆ ತಿರುಗಿಸಿ ಹಾಕಿದರೆ ಗಾಳಿಯ ದಿಕ್ಕು ಬದಲಾಗುವುದಿಲ್ಲ, ಎಳೆತ ಮಾತ್ರ ಕಡಿಮೆಯಾಗುತ್ತದೆ. ತೆಗೆದು ಸರಿಯಾಗಿ ಹಾಕಿ.